ಆವಿಗೆಯಲ್ಲಿ ಬೆಂದ ಸಾಣೆಚಕ್ರ

ಬೆಂಗಳೂರಿನ ಎಸ್‌.ಜೆ.ಪಿ. ರಸ್ತೆಯ ಆಸುಪಾಸಿನಲ್ಲಿ ಭಾನುವಾರ ಹರಡಿಕೊಳ್ಳುವ ಹಳೇ ಸಾಮಾನಿನ ಸಂತೆಯಲ್ಲಿ ಬೆಂಚ್ ಗ್ರೈಂಡರ್‌ಗಳೂ ಕಣ್ಣಿಗೆ ಬೀಳುತ್ತವೆ. ಎರಕದ ಕಬ್ಬಿಣದ ಮೈ, ನಡುವೆ ಮೋಟರ್, ಎರಡು ತುದಿಗೆ ಎರಡು ಚಕ್ರ. ಮೋಟರ್ ಬಹುಪಾಲು ಗಟ್ಟಿಯಾಗಿಯೇ ಇರುತ್ತದೆ. ಇಲ್ಲದಿರುವುದು ಚಕ್ರವನ್ನು ಮುಚ್ಚುವ ಗಾರ್ಡ್, ಕಿಡಿಗೆ ಅಡ್ಡ ನಿಲ್ಲುವ ಗಾಜು, ಕೈಗೆ ಆಸರೆ ಕೊಡುವ ಟೂಲ್ ರೆಸ್ಟ್. ಕೆಲಸಕ್ಕೆ ಅಡ್ಡಿಯೆಂದು ಯಾರೋ ಎಂದೋ ಬಿಚ್ಚಿ ಎಸೆದಿರುತ್ತಾರೆ. ಈ ತುಂಡುಗಳು ಯಂತ್ರಕ್ಕೆ ಬಂದು ಸೇರುವ ಮುಂಚೆ ಸಾಣೆಯ ಕಸುಬು ತಲೆತಲಾಂತರಗಳ ಜೀವಗಳನ್ನು ನುಂಗಿತ್ತು.

ಆ ಕಥೆ ಅತ್ಯಂತ ವಿವರವಾಗಿ ದಾಖಲಾಗಿರುವ ಊರು ಇಂಗ್ಲೆಂಡಿನ ಶೆಫೀಲ್ಡ್. ಚಾಕು, ಕತ್ತರಿ, ಫೋರ್ಕ್, ಗರಗಸಗಳಿಗೆ ಜಗತ್ತೇ ಆ ಊರಿನತ್ತ ನೋಡುತ್ತಿದ್ದ ಕಾಲದಲ್ಲಿ ಅಲ್ಲಿನ ಸಾಣೆಗಾರರು ಹೊಳೆಯ ನೀರಿನಿಂದಲೋ ಹಬೆಯಿಂದಲೋ ತಿರುಗುವ ಮರಳುಗಲ್ಲಿನ ಭಾರಿ ಚಕ್ರಗಳ ಮುಂದೆ ಬಾಗಿ ಕೂತು ಅಲಗು ಹಿಡಿಯುತ್ತಿದ್ದರು. ಪೋರ್ಟರ್ ಹೊಳೆಯ ದಡದಲ್ಲಿ ಅಂಥದೊಂದು ಸಾಣೆಮನೆ, ಶೆಪರ್ಡ್ ವೀಲ್, ಇಂದಿಗೂ ವಸ್ತುಸಂಗ್ರಹಾಲಯವಾಗಿ ಉಳಿದಿದೆ.

ಮರಳುಗಲ್ಲೆಂದರೆ ಬಹುಪಾಲು ಸಿಲಿಕಾ. ಚಾಕುವಿನ ಅಲಗಿಗೆ ನೀರು ಹಾಯಿಸಿ ಸಾಣೆ ಹಿಡಿಯುತ್ತಿದ್ದರಿಂದ ದೂಳು ಕೆಸರಾಗಿ ಕೆಳಗಿಳಿಯುತ್ತಿತ್ತು. ಫೋರ್ಕಿಗೂ ಸೂಜಿಗೂ ಒಣ ಸಾಣೆಯೇ ಆಗಬೇಕಿತ್ತು. ಆ ದೂಳು ನೇರ ಎದೆಗೆ ಇಳಿಯುತ್ತಿತ್ತು. ಶೆಫೀಲ್ಡಿನ ವೈದ್ಯ ಕ್ಯಾಲ್ವರ್ಟ್ ಹಾಲೆಂಡ್ 1843ರಲ್ಲಿ ಈ ಶ್ವಾಸಕೋಶದ ಬೇನೆಯ ಮೇಲೆ ಒಂದು ಪುಸ್ತಕವನ್ನೇ ಬರೆದ. ಅದೇ ಊರಿನ ಇನ್ನೊಬ್ಬ ವೈದ್ಯ ನೈಟ್ ಹಾಕಿದ ಲೆಕ್ಕವನ್ನು ಜರ್ಮನ್ ಚಿಂತಕ ಎಂಗೆಲ್ಸ್ ಇಂಗ್ಲೆಂಡಿನ ಕಾರ್ಮಿಕರ ಸ್ಥಿತಿ ಕುರಿತ 1845ರ ತನ್ನ ಗ್ರಂಥದಲ್ಲಿ ಉದ್ಧರಿಸುತ್ತಾನೆ: ಒಣ ಸಾಣೆಯವರ ಸರಾಸರಿ ಆಯಸ್ಸು 35 ವರ್ಷ ಮುಟ್ಟುವುದೇ ಕಷ್ಟ, ಹಸಿ ಸಾಣೆಯವರು 45 ದಾಟುವುದು ಅಪರೂಪ. ಕಲ್ಲಿನೊಳಗೆ ಕಾಣದ ಬಿರುಕಿದ್ದರೆ ತಿರುಗುತ್ತಿರುವಾಗಲೇ ಅದು ಸಿಡಿದು ಎದುರಿಗಿದ್ದವನನ್ನು ಕೊಲ್ಲುವುದೂ ಇತ್ತು.

ಪರಿಹಾರ ಹುಡುಕಿದವರಿದ್ದರು. 1820ರ ದಶಕದ ಆರಂಭದಲ್ಲಿ ಅದೇ ಊರಿನ ಅಬ್ರಹಾಂ ಎಂಬಾತ ಕಬ್ಬಿಣದ ದೂಳನ್ನು ಸೆಳೆದುಕೊಳ್ಳುವ ಅಯಸ್ಕಾಂತದ ಸಾಧನ ರೂಪಿಸಿದ. ದೂಳನ್ನು ಹೊರಗೆಳೆಯುವ ಮರದ ಗೂಡುಗಳೂ ಫ್ಯಾನುಗಳೂ ಆಮೇಲೆ ಬಂದವು. ಆದರೆ ಹಲವು ಸಾಣೆಗಾರರೇ ಇಂಥವನ್ನು ಒಲ್ಲೆ ಎಂದರು. ಕಸುಬು ಸುರಕ್ಷಿತವಾದರೆ ಹೊಸಬರು ನುಗ್ಗುತ್ತಾರೆ, ಕೂಲಿ ಇಳಿಯುತ್ತದೆ ಎಂಬುದು ಅವರ ಭಯವಾಗಿತ್ತೆಂದು ಆ ಕಾಲದ ಬರಹಗಳು ಹೇಳುತ್ತವೆ. ಇದನ್ನು ಮೂರ್ಖತನವೆಂದು ತಳ್ಳಿಹಾಕುವುದು ಅನ್ಯಾಯ. ಮಕ್ಕಳ ಹೊಟ್ಟೆಗೂ ತನ್ನ ಎದೆಗೂ ನಡುವೆ ಒಂದನ್ನು ಆರಿಸಿಕೊಳ್ಳಬೇಕಾದವನ ಲೆಕ್ಕ ಅದು.

ಕಸುಬಿನ ದಿಕ್ಕು ಬದಲಾಗಿದ್ದು ಮನುಷ್ಯನೇ ಕಲ್ಲನ್ನು ತಯಾರಿಸಿದಾಗ. ಈ ಯೋಚನೆ ದಕ್ಷಿಣ ಭಾರತಕ್ಕೆ ಹೊಸದಲ್ಲ. ಇಲ್ಲಿನ ರತ್ನ ಕಡೆಯುವವರು ಕುರುವಿಂದದ ಪುಡಿಯನ್ನು ಕಾದ ಅರಗಿನಲ್ಲಿ ಕಲಸಿ ಚಕ್ರ ಮಾಡಿಕೊಳ್ಳುತ್ತಿದ್ದರು. ಹಳೇ ಮೈಸೂರು ಸೀಮೆಯಲ್ಲೂ ಸಿಗುವ ಆ ಕಲ್ಲು ಗಡಸುತನದಲ್ಲಿ ವಜ್ರದ ನಂತರದ ಸಾಲಿನದು. ಭಾರತದಿಂದ ತರಿಸಿದ ಕುರುವಿಂದದ ಬಗ್ಗೆ ಖನಿಜ ಸಂಗ್ರಾಹಕ ಚಾರ್ಲ್ಸ್ ಗ್ರೆವಿಲ್ 1798ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಬಂಧ ಪ್ರಕಟಿಸಿದ. ಅರಗಿನ ಚಕ್ರಕ್ಕೆ ಒಂದೇ ಕೊರತೆ: ಬಿಸಿಯಾದರೆ ಮೆತ್ತಗಾಗುತ್ತದೆ. ಕೈಯಲ್ಲಿ ತಿರುಗಿಸಿ ರತ್ನ ಕಡೆಯಲು ಅದು ಸಾಕು, ಉಕ್ಕು ಅರೆಯುವ ಯಂತ್ರಕ್ಕೆ ಸಾಲದು.

ಕೊರತೆ ನೀಗಿಸಿದವನು ಒಬ್ಬ ಕುಂಬಾರ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ವೂಸ್ಟರ್ ಊರಿನಲ್ಲಿ ಫ್ರಾಂಕ್ ನಾರ್ಟನ್‌ನ ಮಡಕೆ ಕಾರ್ಖಾನೆಯಿತ್ತು. ಅಲ್ಲಿ ದುಡಿಯುತ್ತಿದ್ದ ಸ್ವೀಡನ್ನಿನ ಸ್ವೆನ್ ಪಲ್ಸನ್ 1873ರಲ್ಲಿ ಕುರುವಿಂದ ಬೆರೆತ ಎಮರಿ ಕಲ್ಲಿನ ಪುಡಿಯನ್ನು ಜೇಡಿಯೊಂದಿಗೆ ಕಲಸಿ, ಅಚ್ಚು ಹಾಕಿ, ಆವಿಗೆಯಲ್ಲಿ ಬೇಯಿಸಿದ. ಮಣ್ಣು ಗಾಜಿನಂತಾಗಿ ಹರಳುಗಳನ್ನು ಕಚ್ಚಿ ಹಿಡಿಯಿತು. 1885ರಲ್ಲಿ ಇಂಥ ಚಕ್ರ ಮಾಡಲೆಂದೇ ಕಂಪನಿ ಹುಟ್ಟಿತು. 1891ರಲ್ಲಿ ಎಡ್ವರ್ಡ್ ಆಚೆಸನ್ ವಿದ್ಯುತ್ ಶಾಖದಲ್ಲಿ ಜೇಡಿ ಮತ್ತು ಕೋಕ್ ಕಾಯಿಸಿ ಸಿಲಿಕಾನ್ ಕಾರ್ಬೈಡ್ ಪಡೆದು ಕಾರ್ಬೋರಂಡಮ್ ಎಂದು ಹೆಸರಿಟ್ಟ. 1897ರಲ್ಲಿ ಚಾರ್ಲ್ಸ್ ಜೇಕಬ್ಸ್ ಬಾಕ್ಸೈಟ್ ಕರಗಿಸಿ ಅಲ್ಯೂಮಿನಿಯಂ ಆಕ್ಸೈಡ್ ಹರಳು ತೆಗೆದ. ನಮ್ಮ ಕುರುವಿಂದದ ರಾಸಾಯನಿಕ ಗುಣವೇ ಅದರದೂ. ಎರಡರಲ್ಲೂ ಮರಳುಗಲ್ಲಿನಂತೆ ಬಿಡಿ ಸಿಲಿಕಾ ತುಂಬಿರಲಿಲ್ಲ. ಸಾಣೆಗಾರರ ಎದೆಯ ರೋಗ ಕ್ರಮೇಣ ಇಳಿಯಲು ಇದೊಂದು ದೊಡ್ಡ ಕಾರಣ.

ಈಗಿನ ಬೂದು ಚಕ್ರವೂ ಬೆಂದ ಮಣ್ಣಿನದೇ. ಆದ್ದರಿಂದ ಅದನ್ನು ಪರೀಕ್ಷಿಸುವ ರೀತಿ ಸಂತೆಯಲ್ಲಿ ಗಡಿಗೆ ಕೊಳ್ಳುವವರಿಗೆ ಗೊತ್ತಿರುವುದೇ. ಹಳೇ ಗ್ರೈಂಡರ್ ತಂದವರು ಮೊದಲು ಪ್ಲಗ್ ಕಿತ್ತು ಚಕ್ರ ಬಿಚ್ಚಬೇಕು. ಎಡಗಡೆಯ ನಟ್ಟಿಗೆ ಎಡ ಥ್ರೆಡ್ ಇರುತ್ತದೆ. ತಿಳಿಯದೆ ಬಲವಂತ ಮಾಡಿದರೆ ಶಾಫ್ಟೇ ಹಾಳು. ಒಣಗಿದ ಚಕ್ರವನ್ನು ಬೆರಳಿಗೆ ತೂಗುಹಾಕಿ ಸ್ಕ್ರೂಡ್ರೈವರಿನ ಮರದ ಹಿಡಿಯಿಂದ ಮೆಲ್ಲಗೆ ಬಡಿದಾಗ ಕಣಕಣ ಎಂದರೆ ಸರಿ. ದಪ್ ಎಂದರೆ ಒಡೆದು ಬಿಸಾಡಬೇಕು, ಇನ್ನೊಬ್ಬರ ಕೈಗೆ ಸಿಗಬಾರದು. 150 ಮಿ.ಮೀ. ಚಕ್ರ ನಿಮಿಷಕ್ಕೆ 2,850 ಸುತ್ತು ತಿರುಗಿದರೆ ಅದರ ಅಂಚು ಗಂಟೆಗೆ ಸುಮಾರು 80 ಕಿ.ಮೀ. ವೇಗದಲ್ಲಿರುತ್ತದೆ.

ಶಾಫ್ಟ್ ಕೈಯಲ್ಲಿ ತಿರುಗಿಸಿದಾಗ ಕರಕರ ಎಂದರೆ ಬೇರಿಂಗ್ ಬದಲಿಸುವುದು ಲೇಸು. ಮೋಟರ್ ಗುಂಯ್‌ಗುಟ್ಟಿ ನಿಂತಲ್ಲೇ ನಿಂತರೆ ಮೊದಲ ಅನುಮಾನ ಕೆಪಾಸಿಟರಿನ ಮೇಲೆ. ಚಕ್ರ ಮರಳಿ ಕೂರಿಸುವಾಗ ಎರಡೂ ಬದಿಗೆ ಕಾಗದದ ಬಿಲ್ಲೆ ಇರಬೇಕು. ಅದಿಲ್ಲದೆ ಉಕ್ಕಿನ ಫ್ಲಾಂಜ್ ನೇರವಾಗಿ ಒತ್ತಿದರೆ ಬೆಂದ ಮಣ್ಣು ಬಿರುಕು ಬಿಡಬಹುದು. ಗಾರ್ಡ್ ಕಳೆದುಹೋಗಿದ್ದರೆ ಅದೇ ಮಾದರಿಯದನ್ನು ಹುಡುಕಿ ತರುವವರೆಗೆ ಯಂತ್ರಕ್ಕೆ ಕರೆಂಟ್ ಕೊಡಬಾರದು. ಟೂಲ್ ರೆಸ್ಟಿಗೂ ಚಕ್ರಕ್ಕೂ ನಡುವೆ 3 ಮಿ.ಮೀ. ಮೀರಿದರೆ ಕಬ್ಬಿಣದ ತುಂಡು ಒಳಗೆ ಸಿಕ್ಕಿಕೊಳ್ಳುತ್ತದೆ, ಜೊತೆಗೆ ಬೆರಳೂ. ಚಕ್ರ ಸವೆದಂತೆಲ್ಲ ರೆಸ್ಟನ್ನು ಮುಂದಕ್ಕೆ ಸರಿಸುತ್ತಿರಬೇಕು.

ಸ್ವಿಚ್ ಹಾಕಿದ ಮೊದಲ ನಿಮಿಷ ಪಕ್ಕಕ್ಕೆ ಸರಿದು ನಿಲ್ಲುವುದು ವರ್ಕ್‌ಶಾಪಿನ ಹಳೆಯ ರೂಢಿ. ಆಮೇಲೆ ಕನ್ನಡಕ, ಮೂಗುಪಟ್ಟಿ ಹಾಕಿಕೊಂಡು ಚಕ್ರದ ಮೈ ಕೆರೆಯುವ ಡ್ರೆಸ್ಸರ್ ಹಿಡಿದರೆ ಮೇಲಿನ ಮೊಂಡು ಪದರ ಉದುರಿ ಹೊಸ ಹರಳು ಮೇಲೆದ್ದು ಬರುತ್ತದೆ. ಉಳಿ, ಮಚ್ಚು, ಡ್ರಿಲ್ ಬಿಟ್ಟುಗಳಿಗೆ ಅಲ್ಯೂಮಿನಿಯಂ ಆಕ್ಸೈಡ್ ಚಕ್ರ ಸರಿಯಾದದ್ದು. ಲೇತ್‌ನ ಕಾರ್ಬೈಡ್ ತುದಿಗಳಿಗೆ ಹಸಿರು ಚಕ್ರ ಬೇಕು; ಅದರೊಳಗಿರುವುದು ಆಚೆಸನ್ನನ ಸಿಲಿಕಾನ್ ಕಾರ್ಬೈಡ್.