ಪದಸಂಪತ್ತಿಗೆ ಬೆಲೆ ಕಟ್ಟಿದ ಕಾಲ

ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹುಡುಗರಿಗೆ ನಾನು ಇಂಗ್ಲಿಷ್ ಪಾಠ ಹೇಳುತ್ತೇನೆ. ಅವರಲ್ಲಿ ಬಹಳ ಮಂದಿ ನಾರ್ಮನ್ ಲೂಯಿಸರ 'ವರ್ಡ್ ಪವರ್ ಮೇಡ್ ಈಸಿ' ಹಿಡಿದೇ ಬರುತ್ತಾರೆ. ದೊಡ್ಡ ದೊಡ್ಡ ಪದ ಬಂದರೆ ದೊಡ್ಡ ಕೆಲಸ ಸಿಕ್ಕೀತೆಂಬ ನಂಬಿಕೆಯೂ ಜೊತೆಗೇ ಬಂದಿರುತ್ತದೆ. ಆ ನಂಬಿಕೆ ಹುಟ್ಟಿದ್ದು ಅಮೆರಿಕದ ಒಂದು ಕಾರ್ಖಾನೆಯಲ್ಲಿ.

1922ರಲ್ಲಿ ಜಾನ್ಸನ್ ಓಕಾನರ್ ಎಂಬವರು ಜನರಲ್ ಎಲೆಕ್ಟ್ರಿಕ್ ಕಂಪನಿಯ ಲಿನ್ ಕಾರ್ಖಾನೆಯಲ್ಲಿ ಯಾರಿಗೆ ಯಾವ ಕೆಲಸ ಒಗ್ಗುತ್ತದೆಂದು ಪರೀಕ್ಷಿಸತೊಡಗಿದರು. ಮುಂದೆ ಪದಜ್ಞಾನವನ್ನೂ ಅಳೆದಾಗ ಮೇಲಧಿಕಾರಿಗಳೇ ಮುಂದಿದ್ದರು. 1934ರಲ್ಲಿ ಅವರು ಪದಸಂಪತ್ತಿಗೂ ಯಶಸ್ಸಿಗೂ ನಂಟು ಹಾಕಿ 'ಅಟ್ಲಾಂಟಿಕ್' ಪತ್ರಿಕೆಗೆ ಬರೆದರು. ಓದಿ ಬೆಳೆದವರಿಗೆ ಪದಗಳೂ ಹುದ್ದೆಯೂ ಒಟ್ಟಿಗೆ ದಕ್ಕಿರಬಹುದಲ್ಲ? ಆರ್ಥಿಕ ಮುಗ್ಗಟ್ಟಿನಲ್ಲಿ ಕೆಲಸ ಅರಸುತ್ತಿದ್ದ ಜನರಿಗೆ ಅದನ್ನು ವಿಚಾರಿಸುವ ವ್ಯವಧಾನವೆಲ್ಲಿ!

ಪದಸಂಪತ್ತಿನಿಂದ ಯಶಸ್ಸು ಎಂಬ ಈ ನಂಬಿಕೆಯನ್ನು ಮನೆಮನೆಗೆ ಮುಟ್ಟಿಸಿದವರು ವಿಲ್‌ಫ್ರೆಡ್ ಫಂಕ್. 1936ರ ಚುನಾವಣೆಯಲ್ಲಿ ರೂಸ್‌ವೆಲ್ಟ್ ಸೋಲುತ್ತಾರೆಂದು ಸಾರಿ ಮುಖಭಂಗ ಅನುಭವಿಸಿದ 'ಲಿಟರರಿ ಡೈಜೆಸ್ಟ್' ಪತ್ರಿಕೆಯ ಸಂಪಾದಕರು ಇವರೇ. 1942ರಲ್ಲಿ ಲೂಯಿಸರ ಜೊತೆಗೂಡಿ, ಮೂವತ್ತು ದಿನಗಳಲ್ಲಿ ಪದಬಲ ಬೆಳೆಸುವ ಪುಸ್ತಕ ತಂದರು. 1945ರಿಂದ 'ರೀಡರ್ಸ್ ಡೈಜೆಸ್ಟ್'ನಲ್ಲಿ ಪದಪರೀಕ್ಷೆಯ ಅಂಕಣ ಬರೆದರು. ಪದ ಹೆಚ್ಚಿಸಿಕೊಂಡರೆ ಲಾಭವಿದೆ ಎಂಬುದೇ ಅದರ ತಲೆಬರಹ. ಅವರ ನಂತರ ಮಗ ಪೀಟರ್ ಅದನ್ನು ದಶಕಗಳ ಕಾಲ ನಡೆಸಿದರು.

1949ರಲ್ಲಿ ಬಂದ ಲೂಯಿಸರ ಪುಸ್ತಕ ಈ ಎಲ್ಲದಕ್ಕಿಂತ ಮೇಲು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಅವರು ಪಟ್ಟಿ ಒಪ್ಪಿಸಿ ಕೈತೊಳೆದುಕೊಳ್ಳಲಿಲ್ಲ. ಗ್ರೀಕ್, ಲ್ಯಾಟಿನ್ ಮೂಲಗಳನ್ನು ಬಿಡಿಸಿಟ್ಟರು. 'ಗ್ಯಾಮಾಸ್' ಅಂದರೆ ಮದುವೆ ಎಂದು ತಿಳಿದರೆ ಮೊನಾಗಮಿ, ಬಿಗಮಿ, ಪಾಲಿಗಮಿ, ಮಿಸಾಗಮಿಸ್ಟ್ ಎಲ್ಲ ಒಂದೇ ಬಳ್ಳಿಯ ಕಾಯಿಗಳಂತೆ ಕೈಗೆ ಸಿಗುತ್ತವೆ. ಉಚ್ಚಾರ ಹೇಳಿಸಿ, ಬರೆಯಿಸಿ, ಹಿಂದಿನ ಪಾಠದ ಪದವನ್ನು ಮುಂದಿನ ಪಾಠದಲ್ಲಿ ಮತ್ತೆ ಕೇಳುತ್ತಾರೆ. ಧಾತು, ಪ್ರತ್ಯಯ, ಉಪಸರ್ಗ ಎಂದು ವ್ಯಾಕರಣ ಕಲಿತ ನಮ್ಮ ಹುಡುಗರಿಗೆ ಈ ದಾರಿ ಹೊಸದೇನಲ್ಲ. ಅದನ್ನು ನೆನಪಿಸಿದ ಕೂಡಲೇ ಅವರ ಅಂಜಿಕೆ ಅರ್ಧ ಇಳಿಯುವುದನ್ನು ತರಗತಿಯಲ್ಲಿ ಕಂಡಿದ್ದೇನೆ.

ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೇ ಪುಸ್ತಕದ ಅಂಗಡಿಗಳಲ್ಲಿ ಇಂದಿಗೂ ಇದು ಅಗ್ಗಕ್ಕೆ ಸಿಗುತ್ತದೆ. ಕೊಂಡವರು ದಯವಿಟ್ಟು ಬಾಯಿಪಾಠಕ್ಕೆ ಇಳಿಯಬೇಡಿ. ಮೂಲಗಳ ಭಾಗವನ್ನು ನಿಧಾನವಾಗಿ ಓದಿ, ಜೊತೆಗೆ ದಿನವೂ ಇಂಗ್ಲಿಷ್ ಪತ್ರಿಕೆಯ ಒಂದು ಸಂಪಾದಕೀಯವನ್ನಾದರೂ ಓದಿ.