ನಿಜಾಮರ ನೀರು, ಡಕೋಟಾದ ಗಾಳಿ

ಲಂಡನ್ನಿನ ರಾಯಲ್ ಏರ್ ಫೋರ್ಸ್ ಮ್ಯೂಸಿಯಂನಲ್ಲಿ 1918ರ ಒಂದು ಡಿಎಚ್-9ಎ ಬಾಂಬರ್ ಇದೆ. ಅದರ ಮೈಮೇಲೆ ಹೈದರಾಬಾದಿನ ನಿಜಾಮರ ಹೆಸರು. ಮೀರ್ ಉಸ್ಮಾನ್ ಅಲಿ ಖಾನ್ ಕೊಟ್ಟ ಹಣದಿಂದ ಸಜ್ಜಾದ 110ನೇ ಸ್ಕ್ವಾಡ್ರನ್ನಿನ ವಿಮಾನ ಅದು. ಅದರ 400 ಅಶ್ವಶಕ್ತಿಯ ಲಿಬರ್ಟಿ ಎಂಜಿನ್ ತಣ್ಣಗಾಗುತ್ತಿದ್ದುದು ನೀರಿನಿಂದ. ಎರಡನೇ ಮಹಾಯುದ್ಧದಲ್ಲಿ ಹೈದರಾಬಾದಿನ ಹೆಸರು ಹೊತ್ತ 152ನೇ ಸ್ಕ್ವಾಡ್ರನ್ನಿಗೆ ಸ್ಪಿಟ್‌ಫೈರ್, 253ನೇದಕ್ಕೆ ಹರಿಕೇನ್. ಅವುಗಳ ಮರ್ಲಿನ್ ಎಂಜಿನ್ನಿಗೂ ದ್ರವವೇ ಬೇಕು. ರೇಡಿಯೇಟರಿಗೆ ಒಂದು ಗುಂಡು ತಗುಲಿದರೆ ಎಂಜಿನ್ನಿನ ಆಯುಸ್ಸು ಕೆಲವೇ ನಿಮಿಷ.

ಹೈದರಾಬಾದಿನ ಜನರನ್ನು ಹೊತ್ತು ಹಾರಿದ ಎಂಜಿನ್ ಮಾತ್ರ ಬೇರೆ ವಂಶದ್ದು.

ರೇಡಿಯೇಟರ್, ಕೊಳವೆ, ಪಂಪು, ನೀರು ಎಲ್ಲವೂ ಭಾರ. ಹೇಗೂ ಎದುರಿಗೆ ಬೀಸುವ ಗಾಳಿಯೇ ಎಂಜಿನ್ ತಣಿಸಲಿ ಎಂದು ಫ್ರಾನ್ಸಿನ ಸೆಗ್ಯಾಂ ಸಹೋದರರು ತಮ್ಮ ನೋಮ್ ಎಂಜಿನ್ನಿನಲ್ಲಿ ಸಿಲಿಂಡರುಗಳನ್ನೇ ಪ್ರೊಪೆಲರಿನ ಜೊತೆ ಗಿರಗಿರನೆ ತಿರುಗಿಸಿದರು. ಅದಕ್ಕೆ ಹಾಕುತ್ತಿದ್ದುದು ಹರಳೆಣ್ಣೆ, ಏಕೆಂದರೆ ಅದು ಪೆಟ್ರೋಲಿನಲ್ಲಿ ಸುಲಭವಾಗಿ ಕರಗದು. ಸುಟ್ಟು ಹೊರಬಿದ್ದ ಎಣ್ಣೆ ಪೈಲಟ್ಟಿನ ಮುಖಕ್ಕೆ ರಾಚುತ್ತಿತ್ತು. ಹೊಟ್ಟೆಯೂ ಕೆಡುತ್ತಿತ್ತಂತೆ, ನಮ್ಮ ಅಜ್ಜಿಯರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣುತ್ತಿರಲಿಲ್ಲ.

ಆದರೆ ಅಷ್ಟು ತೂಕವನ್ನು ಎಷ್ಟು ಜೋರಾಗಿ ತಿರುಗಿಸಲು ಸಾಧ್ಯ? ಸಿಲಿಂಡರುಗಳು ಚಕ್ರದ ಅರೆಕಾಲುಗಳಂತೆ ಸುತ್ತ ನಿಂತು, ಒಳಗಿನ ದಂಡ ಮಾತ್ರ ತಿರುಗುವ ರೇಡಿಯಲ್ ಎಂಜಿನ್ನೇ ದಾರಿ. ಅಡ್ಡಿಯಾದದ್ದು ಶಾಖ. ಇಂಗ್ಲೆಂಡಿನ ಫಾರ್ನ್‌ಬರೋದಲ್ಲಿ ಗಿಬ್ಸನ್ ಮತ್ತು ಸ್ಯಾಮ್ ಹೆರಾನ್ ಸಿಲಿಂಡರಿನ ತಲೆಯನ್ನು ಅಲ್ಯೂಮಿನಿಯಂ ಮಿಶ್ರಲೋಹದಲ್ಲಿ ಮಾಡಿ, ಮೈಗೆ ತೆಳುವಾದ ಏಣುಗಳನ್ನು ಕೂರಿಸಿದರು. ಮುಂದೆ ಅಮೆರಿಕಕ್ಕೆ ಹೋದ ಹೆರಾನ್, ಟೊಳ್ಳಾದ ಎಗ್ಜಾಸ್ಟ್ ವಾಲ್ವಿನೊಳಗೆ ಸೋಡಿಯಂ ತುಂಬಿಸಿದ. ಬಿಸಿಗೆ ಕರಗಿದ ಸೋಡಿಯಂ ಒಳಗೇ ಕುಲುಕಾಡಿ, ತಲೆಯ ಶಾಖವನ್ನು ಕಾಂಡಕ್ಕೆ ಸಾಗಿಸುತ್ತದೆ. ರೇಡಿಯಲ್ಲಿನ ಭವಿಷ್ಯ ತೆರೆದದ್ದು ಈ ಸಣ್ಣ ವಾಲ್ವಿನಿಂದ ಎಂದರೆ ಅತಿಶಯೋಕ್ತಿಯಲ್ಲ. 1927ರಲ್ಲಿ ಲಿಂಡ್‌ಬರ್ಗ್ ಒಂದೇ ರೇಡಿಯಲ್ ಎಂಜಿನ್ ನಂಬಿ ಮೂವತ್ತಮೂರೂವರೆ ಗಂಟೆ ಅಟ್ಲಾಂಟಿಕ್ ಮೇಲೆ ಹಾರಿದ. ಮರುವರ್ಷ ಫ್ರೆಡ್ ವೀಕ್ ಎಂಜಿನ್ನಿಗೆ ಹೊದಿಸಿದ ಕವಚ, ಒಂದು ಲಾಕ್‌ಹೀಡ್ ವಿಮಾನದ ವೇಗವನ್ನು ಗಂಟೆಗೆ 157 ಮೈಲಿಯಿಂದ 177ಕ್ಕೆ ಏರಿಸಿತು.

ಹೈದರಾಬಾದಿನ ಬೇಗಂಪೇಟೆಗೆ ಈ ವಂಶ ದೊಡ್ಡದಾಗಿ ಬಂದದ್ದು ಯುದ್ಧ ಮುಗಿದ ಮೇಲೆ. 1945ರಲ್ಲಿ ಹುಟ್ಟಿದ ಡೆಕ್ಕನ್ ಏರ್‌ವೇಸ್‌ನಲ್ಲಿ ದೊಡ್ಡ ಪಾಲು ನಿಜಾಮರ ರೈಲ್ವೆಯದು, ಉಳಿದದ್ದು ಟಾಟಾ ಅವರದು. ಕೊಂಡದ್ದು ಯುದ್ಧದಲ್ಲಿ ಮಿಕ್ಕ ಡಕೋಟಾಗಳನ್ನು. ಪ್ರತಿಯೊಂದಕ್ಕೂ ಹದಿನಾಲ್ಕು ಸಿಲಿಂಡರಿನ, 1,200 ಅಶ್ವಶಕ್ತಿಯ ಎರಡು ಟ್ವಿನ್ ವಾಸ್ಪ್ ಎಂಜಿನ್. ಸೋರಲು ರೇಡಿಯೇಟರ್ ಇಲ್ಲ. ಒಂದು ಸಿಲಿಂಡರ್ ಕೆಟ್ಟರೆ ಅದೊಂದನ್ನೇ ಕಳಚಿ ಬದಲಿಸಬಹುದು. ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯವರು ಯುದ್ಧಕಾಲದಲ್ಲಿ ಅಮೆರಿಕನ್ನರ ಎಂಜಿನ್ನುಗಳನ್ನು ಬಿಚ್ಚಿ ಜೋಡಿಸಿ ಕೈ ಪಳಗಿಸಿಕೊಂಡಿದ್ದರು. ಹೆಣ್ಣೆಂಬ ಕಾರಣಕ್ಕೆ ಬೇರೆ ಕಂಪನಿಗಳು ಬೇಡವೆಂದ ಪ್ರೇಮ್ ಮಾಥುರ್ ಅವರಿಗೆ ಪೈಲಟ್ ಕೆಲಸ ಸಿಕ್ಕಿದ್ದೂ ಈ ಡೆಕ್ಕನ್ ಏರ್‌ವೇಸ್‌ನಲ್ಲೇ.

1948ರಲ್ಲಿ ಎರಡೂ ವಂಶಗಳು ಎದುರುಬದುರಾದವು. ನಿಜಾಮರಿಗಾಗಿ ಸಿಡ್ನಿ ಕಾಟನ್ ಕರಾಚಿಯಿಂದ ರಾತ್ರಿಯಲ್ಲಿ ಕೋವಿಗಳನ್ನು ತಂದದ್ದು ಲ್ಯಾಂಕಾಸ್ಟ್ರಿಯನ್ ವಿಮಾನಗಳಲ್ಲಿ, ಅವುಗಳದ್ದು ಮರ್ಲಿನ್. ಅವು ಇಳಿಯುತ್ತಿದ್ದ ತಾಣಗಳಲ್ಲಿ ನಮ್ಮ ಬೀದರವೂ ಒಂದು. ಸೆಪ್ಟೆಂಬರಿನಲ್ಲಿ ಸೈನಿಕ ಕಾರ್ಯಾಚರಣೆ ಶುರುವಾದಾಗ ಭಾರತೀಯ ವಾಯುಪಡೆಯ ಟೆಂಪೆಸ್ಟ್‌ಗಳು ಬಂದವು. ಅವುಗಳ ಮೂತಿಯಲ್ಲಿ ಹದಿನೆಂಟು ಸಿಲಿಂಡರಿನ, ಗಾಳಿಯಿಂದ ತಣಿಯುವ ಬ್ರಿಸ್ಟಲ್ ಸೆಂಟಾರಸ್. ಐದು ದಿನದೊಳಗೆ ಎಲ್ಲ ಮುಗಿಯಿತು. ಡೆಕ್ಕನ್ ಏರ್‌ವೇಸ್ ಮಾತ್ರ ಉಳಿಯಿತು. 1953ರಲ್ಲಿ ಇಂಡಿಯನ್ ಏರ್‌ಲೈನ್ಸ್‌ಗೆ ಸೇರುವವರೆಗೂ ಡಕೋಟಾಗಳನ್ನು ಹಾರಿಸಿತು.