ಊರಿನ ದವಾಖಾನೆಗೂ ಗೌಪ್ಯತೆಯ ಕಾನೂನು ಇದೆಯೇ? ಹೊಸ ಕ್ಲಿನಿಕ್ ತೆರೆಯುವವರೂ ಅಲ್ಲಿಗೆ ಹೋಗುವವರೂ ತಿಳಿಯಬೇಕಾದದ್ದು

ಅಥಣಿ ತಾಲೂಕಿನ ಐಗಳಿಯಂಥ ಊರಿನಲ್ಲಿ ಹೊಸ ದವಾಖಾನೆ ತೆರೆದರೆ, ಪಾಳಿಯಲ್ಲಿ ಕೂತವರೆಲ್ಲ ಒಬ್ಬರಿಗೊಬ್ಬರು ಬಲ್ಲವರೇ: ನೆಂಟರು, ನೆರೆಯವರು, ಒಂದೇ ಸಂಘದಲ್ಲಿ ಸಾಲ ಪಡೆದವರು. ಇಲ್ಲಿ ರೋಗಿಯ ಗುಟ್ಟು ರಟ್ಟಾಗಲು ಹ್ಯಾಕರ್ ಬೇಕಾಗಿಲ್ಲ, ಟೇಬಲ್ ಮೇಲೆ ತೆರೆದಿಟ್ಟ ರಿಜಿಸ್ಟರ್ ಸಾಕು. ರಟ್ಟಾದರೆ ಕೂಡಿಬಂದ ಮದುವೆ ಮುರಿಯಬಹುದು, ಕೆಲಸ ಹೋಗಬಹುದು. ಅದಕ್ಕೆ ಹೆದರಿ ಕ್ಷಯದ ರೋಗಿ ದವಾಖಾನೆಗೇ ಬರದೆ ಉಳಿಯಬಹುದು.

ಹಾಗಿದ್ದರೂ ಈ ವಿಷಯದಲ್ಲಿ ಕೆಲವು ತಪ್ಪು ನಂಬಿಕೆಗಳು ಗಟ್ಟಿಯಾಗಿ ಬೇರೂರಿವೆ. ಒಂದೊಂದನ್ನೇ ನೋಡೋಣ.

ನಂಬಿಕೆ 1: "ಇದೆಲ್ಲ ದೊಡ್ಡ ಆಸ್ಪತ್ರೆಗಳಿಗೆ, ಒಂದು ಕೋಣೆಯ ಕ್ಲಿನಿಕ್‌ಗೆ ಅಲ್ಲ"

ಇದು ತಪ್ಪು. ಖಾಸಗಿ ಕ್ಲಿನಿಕ್ ಚಿಕ್ಕದಿರಲಿ ದೊಡ್ಡದಿರಲಿ, ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರ ಅಡಿ ನೋಂದಣಿ ಮಾಡಿಸಲೇಬೇಕು. 2017ರ ತಿದ್ದುಪಡಿಯಲ್ಲಿ ಸೇರಿದ ರೋಗಿಗಳ ಸನ್ನದು, ತಪಾಸಣೆಯ ವೇಳೆ ಖಾಸಗಿತನವನ್ನೂ ಕಾಯಿಲೆಯ ವಿವರದ ಗೌಪ್ಯತೆಯನ್ನೂ ರೋಗಿಯ ಹಕ್ಕು ಎಂದೇ ಹೇಳುತ್ತದೆ.

ವೈದ್ಯರ ನಡತೆಯ ಕುರಿತ 2002ರ ಭಾರತೀಯ ವೈದ್ಯಕೀಯ ಮಂಡಳಿಯ ನಿಯಮಗಳೂ ರೋಗಿಯ ಗುಟ್ಟನ್ನು ಬಯಲು ಮಾಡಬಾರದು ಎನ್ನುತ್ತವೆ. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟ್ ಖಾಸಗಿತನವನ್ನು ಮೂಲಭೂತ ಹಕ್ಕು ಎಂದು ಸಾರಿತು. ಆ ಅರ್ಜಿ ಸಲ್ಲಿಸಿದವರು ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಕೆಲವು ವಿಷಯಗಳಿಗೆ ಪ್ರತ್ಯೇಕ ಕಾನೂನುಗಳೇ ಇವೆ. ಎಚ್‌ಐವಿ ವಿವರದ ಗೌಪ್ಯತೆಗೆ 2017ರ ಕಾಯ್ದೆ ಇದ್ದು, ಅದು 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಗರ್ಭಪಾತ ಮಾಡಿಸಿಕೊಂಡ ಮಹಿಳೆಯ ಹೆಸರನ್ನು ವೈದ್ಯರು ಅನಧಿಕೃತವಾಗಿ ಬಯಲು ಮಾಡಿದರೆ 1 ವರ್ಷದವರೆಗೆ ಜೈಲು, ದಂಡ ಅಥವಾ ಎರಡೂ ಆಗಬಹುದು. ಇದು 2021ರ ತಿದ್ದುಪಡಿ.

ನಂಬಿಕೆ 2: "ಮನೆಯವರಿಗೆ ಹೇಳಿದರೆ ತಪ್ಪೇನು?"

ವಯಸ್ಕ ರೋಗಿಯ ವಿಷಯವನ್ನು ಗಂಡನಿಗಾಗಲಿ, ಅತ್ತೆಗಾಗಲಿ, ಅಣ್ಣನಿಗಾಗಲಿ ಹೇಳಬೇಕಾದರೆ ರೋಗಿಯ ಒಪ್ಪಿಗೆ ಬೇಕು. ನಮ್ಮ ಊರುಗಳಲ್ಲಿ ರೋಗಿ ಒಬ್ಬರೇ ಬರುವುದು ಅಪರೂಪ. ಹಾಗಾಗಿ ಹೊಸ ಕ್ಲಿನಿಕ್ ಮೊದಲ ದಿನದಿಂದಲೇ ಒಂದು ರೂಢಿ ಹಾಕಿಕೊಳ್ಳುವುದು ಒಳ್ಳೆಯದು: ಯಾರೇ ಬಂದರೂ ಎರಡು ನಿಮಿಷ ರೋಗಿಯೊಬ್ಬರೊಂದಿಗೇ ಮಾತು. ಎಲ್ಲರಿಗೂ ಒಂದೇ ನಿಯಮವಾದರೆ ಯಾರಿಗೂ ಅನುಮಾನ ಬರುವುದಿಲ್ಲ, ಬೇಸರವೂ ಆಗುವುದಿಲ್ಲ.

ಗಡಿಭಾಗದಲ್ಲಿ ಇನ್ನೊಂದು ತೊಡಕಿದೆ. ಮರಾಠಿ ಮಾತ್ರ ಬಲ್ಲ ರೋಗಿಯ ಮಾತನ್ನು ಪಕ್ಕದಲ್ಲಿ ಕೂತವರು ಕನ್ನಡಕ್ಕೆ ತಿರುಗಿಸಿ ಹೇಳುವುದುಂಟು. ಅದರ ಬದಲು ಎರಡೂ ಭಾಷೆ ಬಲ್ಲ ಸಿಬ್ಬಂದಿಯನ್ನು ನೇಮಿಸಿಕೊಳ್ಳುವುದು ವಾಸಿ.

ನಂಬಿಕೆ 3: "ವಾಟ್ಸಾಪ್ ಎನ್‌ಕ್ರಿಪ್ಟ್ ಆಗಿದೆ, ರಿಪೋರ್ಟ್ ಕಳಿಸಿದರೆ ಅಪಾಯವಿಲ್ಲ"

ಇದು ಅರ್ಧ ಸತ್ಯ. ಸಂದೇಶ ಒಂದು ಫೋನಿನಿಂದ ಇನ್ನೊಂದಕ್ಕೆ ಹೋಗುವಾಗ ದಾರಿಯಲ್ಲಿ ಯಾರೂ ಓದಲಾಗದು, ಅಷ್ಟು ನಿಜ. ತಲುಪಿದ ಮೇಲೆ ಆ ರಕ್ಷಣೆ ಮುಗಿಯುತ್ತದೆ. ಫೋಟೊ ಗ್ಯಾಲರಿಯಲ್ಲಿ ಉಳಿಯುತ್ತದೆ, ಮನೆಯ ಮಕ್ಕಳ ಕೈಗೂ ಸಿಗುತ್ತದೆ. ಒಂದು ಅಂಕಿ ತಪ್ಪಿದರೆ ಬೇರೆ ಯಾರಿಗೋ ಹೋಗುತ್ತದೆ. ಸ್ಕ್ರೀನ್‌ಶಾಟ್ ತೆಗೆದು ಮುಂದೆ ಕಳಿಸುವವರನ್ನು ಯಾವ ಎನ್‌ಕ್ರಿಪ್ಶನ್ನೂ ತಡೆಯದು.

ಮೀರಜ್ ಅಥವಾ ಸಾಂಗ್ಲಿಯ ತಜ್ಞರ ಅಭಿಪ್ರಾಯ ಕೇಳಲು ಎಕ್ಸ್‌ರೇ ಕಳಿಸಬೇಕಾಗಿ ಬಂದರೆ ರೋಗಿಯನ್ನು ಕೇಳಿ, ಹೆಸರು ಮರೆಮಾಡಿ, ಆ ವೈದ್ಯರಿಗೆ ಮಾತ್ರ ಕಳಿಸಬೇಕು, ಗುಂಪಿಗೆ ಹಾಕಬಾರದು. ಕ್ಲಿನಿಕ್‌ಗೆ ಪ್ರತ್ಯೇಕ ಫೋನ್, ಅದಕ್ಕೆ ಸ್ಕ್ರೀನ್ ಲಾಕ್ ಇರಲಿ. ಫೋಟೊಗಳು ಗ್ಯಾಲರಿಗೆ ತಾನಾಗಿಯೇ ಇಳಿಯದಂತೆ ಸೆಟ್ಟಿಂಗ್ ಬದಲಿಸಿ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಮುಖ್ಯ ಹೊಣೆಗಳನ್ನು ಪಾಲಿಸಲು ಕೊಟ್ಟಿರುವ ಗಡುವು 18 ತಿಂಗಳು. ಕಂಪ್ಯೂಟರ್‌ನಲ್ಲೋ ಫೋನಿನಲ್ಲೋ ರೋಗಿಗಳ ವಿವರ ಇಡುವ ಸಣ್ಣ ಕ್ಲಿನಿಕ್ ಕೂಡ ಇದಕ್ಕೆ ಈಗಲೇ ತಯಾರಾಗಬೇಕು. ದತ್ತಾಂಶಕ್ಕೆ ಭದ್ರತೆ ಒದಗಿಸದಿದ್ದರೆ ಕಾಯ್ದೆಯಲ್ಲಿರುವ ಗರಿಷ್ಠ ದಂಡ 250 ಕೋಟಿ ರೂಪಾಯಿ.

ನಂಬಿಕೆ 4: "ಗೌಪ್ಯತೆ ಎಂದರೆ ಯಾರಿಗೂ ಏನೂ ಹೇಳಬಾರದು"

ಹಾಗಲ್ಲ. ಕ್ಷಯರೋಗ ಪತ್ತೆಯಾದರೆ ಖಾಸಗಿ ವೈದ್ಯರೂ ಸರ್ಕಾರಕ್ಕೆ ವರದಿ ಮಾಡಲೇಬೇಕು. ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ಗೊತ್ತಾದರೆ ಪೋಕ್ಸೋ ಕಾಯ್ದೆಯಂತೆ ಪೊಲೀಸರಿಗೆ ತಿಳಿಸಬೇಕು. ನ್ಯಾಯಾಲಯ ಆದೇಶಿಸಿದರೆ ದಾಖಲೆ ಕೊಡಬೇಕು. ಆದರೆ ಅಧಿಕಾರಿಗೆ ವರದಿ ಮಾಡುವುದು ಬೇರೆ, ಊರಿಗೆ ಸಾರುವುದು ಬೇರೆ.

ಎರಡೂ ಬೆರೆತರೆ ಏನಾಗುತ್ತದೆ ಎಂಬುದನ್ನು ಕೋವಿಡ್ ಕಾಲದಲ್ಲಿ ನಾವೆಲ್ಲ ನೋಡಿದ್ದೇವೆ. 2020ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರವೇ ಹೋಮ್ ಕ್ವಾರಂಟೈನ್‌ನಲ್ಲಿದ್ದವರ ಮನೆ ವಿಳಾಸಗಳ ಪಟ್ಟಿ ಪ್ರಕಟಿಸಿತು. ಅದು ವಾಟ್ಸಾಪ್‌ನಲ್ಲಿ ಹರಿದಾಡಿತು. ಕ್ವಾರಂಟೈನ್ ಎಂದರೆ ರೋಗ ಬಂದಿದೆ ಎಂದಲ್ಲ, ಆದರೆ ಫಾರ್ವರ್ಡ್ ಮಾಡುವವರು ಅದನ್ನು ವಿಚಾರಿಸುವುದಿಲ್ಲ.

ಬಾಗಿಲು ತೆರೆಯುವ ಮೊದಲು ಮಾಡಬೇಕಾದದ್ದು

* ತಪಾಸಣೆ ಕೋಣೆಯ ಗೋಡೆ ಮೇಲಿನವರೆಗೂ ಇರಲಿ. ಪರದೆ ನೋಟವನ್ನು ಮಾತ್ರ ತಡೆಯುತ್ತದೆ, ಮಾತನ್ನು ತಡೆಯುವುದಿಲ್ಲ.
* ಕಾಯಿಲೆ ಏನೆಂದು ಕೌಂಟರ್‌ನಲ್ಲಿ ಕೇಳಬೇಡಿ. ಅಲ್ಲಿ ಹೆಸರು, ಚೀಟಿ ನಂಬರ್ ಸಾಕು.
* ರಿಜಿಸ್ಟರ್ ಸಿಬ್ಬಂದಿಯ ಕಡೆ ಇರಲಿ. ರೋಗಿಯಿಂದ ಅದರಲ್ಲಿ ಬರೆಸಿದರೆ ಮೇಲಿನ ಹೆಸರುಗಳೆಲ್ಲ ಅವರಿಗೆ ಕಾಣುತ್ತವೆ.
* ಕಂಪೌಂಡರ್, ನರ್ಸ್, ಕಸ ಗುಡಿಸುವವರು ಎಲ್ಲರಿಂದಲೂ ಗೌಪ್ಯತೆಯ ಒಪ್ಪಂದಕ್ಕೆ ಸಹಿ ಪಡೆಯಿರಿ. ಸಹಿಗಿಂತ ಮೊದಲು ಅದರ ಅರ್ಥ ತಿಳಿಸಿ ಹೇಳಿ.
* ಕಡತಗಳಿಗೆ ಬೀಗ ಇರಲಿ. 2002ರ ನಿಯಮಗಳಂತೆ ಒಳರೋಗಿಗಳ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ ಇಡಬೇಕು, ರೋಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು.
* ಹಳೆಯ ಕಾಗದ ರದ್ದಿಗೆ ಹಾಕಬೇಡಿ. ಒಬ್ಬರ ರಕ್ತಪರೀಕ್ಷೆಯ ವರದಿ ನಾಳೆ ಭಜಿ ಕಟ್ಟುವ ಪೊಟ್ಟಣವಾಗಬಹುದು. ಹರಿದು ಚೂರು ಮಾಡಿ ಇಲ್ಲವೇ ಸುಟ್ಟುಹಾಕಿ.
* ಉದ್ಘಾಟನೆಯ ದಿನ, ಉಚಿತ ತಪಾಸಣಾ ಶಿಬಿರದ ದಿನ ರೋಗಿಗಳ ಫೋಟೊ ತೆಗೆದು ಸ್ಟೇಟಸ್‌ಗೆ ಹಾಕಬೇಡಿ. ಪ್ರಚಾರಕ್ಕೆ ಕಟ್ಟಡದ ಫೋಟೊ ಸಾಕು.

ಗೌಪ್ಯತೆ ಮುರಿದರೆ ಏನು ಮಾಡಬೇಕು?

ಮೊದಲು ಕ್ಲಿನಿಕ್‌ಗೆ ಲಿಖಿತವಾಗಿ ತಿಳಿಸಿ. ಸರಿಯಾಗದಿದ್ದರೆ ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಜಿಲ್ಲಾ ನೋಂದಣಿ ಮತ್ತು ಕುಂದುಕೊರತೆ ಪರಿಹಾರ ಪ್ರಾಧಿಕಾರಕ್ಕೆ ದೂರು ಕೊಡಬಹುದು. ಐಗಳಿಯವರಿಗೆ ಅದು ಬೆಳಗಾವಿಯಲ್ಲಿದೆ. ಎಂಬಿಬಿಎಸ್ ವೈದ್ಯರ ನಡತೆಯ ಬಗ್ಗೆ ಕರ್ನಾಟಕ ವೈದ್ಯಕೀಯ ಪರಿಷತ್ತಿಗೂ ದೂರು ಸಲ್ಲಿಸಬಹುದು.

ಇನ್ನು ನಿಮ್ಮ ಫೋನಿಗೆ ಯಾರದೋ ರಿಪೋರ್ಟ್, ಆಸ್ಪತ್ರೆ ಚೀಟಿ ಅಥವಾ ರೋಗಿಗಳ ಪಟ್ಟಿ ಬಂದರೆ ಮುಂದೆ ಕಳಿಸಬೇಡಿ, ಅಳಿಸಿ. ಕಳಿಸಿದವರಿಗೂ ಅಳಿಸಲು ಹೇಳಿ. ಅದು ನಿಜವೋ ಸುಳ್ಳೋ ಎಂದು ಪರೀಕ್ಷಿಸುವ ಅಗತ್ಯವೂ ಇಲ್ಲ, ಏಕೆಂದರೆ ನಿಜವಾಗಿದ್ದರೂ ಅದನ್ನು ಹಂಚುವ ಹಕ್ಕು ನಮ್ಮದಲ್ಲ.